ಆಂಡ್ರ್ಯೂ ಜಾನ್ಸನ್‌ನನ್ನು ಕುರ್ಚಿಯಿಂದ ಇಳಿಸಬೇಕಿತ್ತಾ?

ನಾಕ್ಸ್‌ವಿಲ್_ಕನ್ನಡತಿ:
ಹೋದ ವಾರ ಟೆನ್ನೆಸ್ಸೀ ರಾಜ್ಯದ ಗ್ರೀನ್‌ವಿಲ್‌ಗೆ ಹೋಗಿದ್ದೆವು. ಅಮೆರಿಕದ 17ನೇ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಬಟ್ಟೆ ಹೊಲಿಯುತ್ತಿದ್ದ ಪುಟ್ಟ ಮರದ ಅಂಗಡಿ ಅಲ್ಲಿ ಇನ್ನೂ ಇದೆ. ಅದರ ಸುತ್ತ ಒಂದು ದೊಡ್ಡ ಇಟ್ಟಿಗೆ ಕಟ್ಟಡ ಕಟ್ಟಿ ಕಾಪಾಡಿದ್ದಾರೆ. ಬಂದವರ ಕೈಗೆ, ಅವನನ್ನು ಹುದ್ದೆಯಿಂದ ಇಳಿಸಲು 1868ರಲ್ಲಿ ಸೆನೆಟ್‌ನಲ್ಲಿ ನಡೆದ ವಿಚಾರಣೆಯ ಟಿಕೆಟ್‌ನ ನಕಲು ಕೊಟ್ಟು, ಇವನನ್ನು ಇಳಿಸಬೇಕಾ ಉಳಿಸಬೇಕಾ ಅಂತ ವೋಟು ಹಾಕಿಸುತ್ತಾರೆ. ನಾನು ‘ಉಳಿಸಿ’, ಮಗಳು ‘ಇಳಿಸಿ’. ಮನೆ ಸೇರುವವರೆಗೂ ಕಾರಿನಲ್ಲಿ ಅದೇ ಜಗಳ.

ಶಾಲೆಯ ಮೆಟ್ಟಿಲೇ ಹತ್ತದ ದರ್ಜಿ. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಟ್ಟು ಹೋದಾಗ, ಆ ರಾಜ್ಯಗಳ ಸೆನೆಟರ್‌ಗಳಲ್ಲಿ ಜಾಗ ಬಿಡದೆ ಕೂತವನು ಇವನೊಬ್ಬನೇ. ತನ್ನದೇ ಮಂತ್ರಿಯನ್ನು ತೆಗೆದುಹಾಕಿದ್ದಕ್ಕೆ ಅಧ್ಯಕ್ಷನನ್ನೇ ಮನೆಗೆ ಕಳಿಸುವುದಾ? ತಿಳಿದವರು ಹೇಳಿ.

ಧಾರವಾಡ_ವಕೀಲ:
ನನ್ನ ವೋಟು ನಿಮ್ಮ ಮಗಳ ಕಡೆ, ಮೇಡಂ. ಆದರೆ ಕೇಸು ಹಾಕಿದವರು ಹಿಡಿದ ಸೆಕ್ಷನ್ ನೋಡಿದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಅವನು ಮಾಡಿದ್ದು ನೋಡ್ರಿ. 1865ರ ಜನವರಿಯಲ್ಲಿ ಜನರಲ್ ಶರ್ಮನ್, ದಕ್ಷಿಣ ಕ್ಯಾರೊಲಿನಾ, ಜಾರ್ಜಿಯಾ ಕಡಲ ತಡಿಯ ಜಮೀನನ್ನು ಬಿಡುಗಡೆಯಾದ ಗುಲಾಮರ ಕುಟುಂಬಗಳಿಗೆ ತಲಾ 40 ಎಕರೆವರೆಗೆ ಹಂಚಲು ಆದೇಶ ಹೊರಡಿಸಿದ್ದ. ಜನ ಉಳುಮೆಯನ್ನೂ ಶುರು ಮಾಡಿದ್ದರು. ಅಧ್ಯಕ್ಷ ಲಿಂಕನ್ ಕೊಲೆಯಾಗಿ, ಉಪಾಧ್ಯಕ್ಷನಾಗಿದ್ದ ಜಾನ್ಸನ್ ಆ ಕುರ್ಚಿಗೆ ಬಂದ. ಅದೇ ವರ್ಷ ಆ ಜಮೀನನ್ನು ಹಳೇ ಧಣಿಗಳಿಗೆ ವಾಪಸ್ ಕೊಡಿಸಿದ. 1866ರಲ್ಲಿ ಕಪ್ಪು ಜನರಿಗೆ ನಾಗರಿಕ ಹಕ್ಕು ಕೊಡುವ ಮಸೂದೆಗೆ ವೀಟೋ ಹಾಕಿದ. ಅವರ ಪೌರತ್ವವನ್ನು ಸಂವಿಧಾನದಲ್ಲೇ ಬರೆದ 14ನೇ ತಿದ್ದುಪಡಿಗೂ ಅಡ್ಡಗಾಲು.

ಇದನ್ನೆಲ್ಲ ಬಿಟ್ಟು ಹನ್ನೊಂದು ಆರೋಪಗಳಲ್ಲಿ ಮುಕ್ಕಾಲುಪಾಲು ಯುದ್ಧಮಂತ್ರಿ ಸ್ಟಾಂಟನ್ ಮೇಲೆ ನಿಲ್ಲಿಸಿದರು! ಸೆನೆಟ್ ಒಪ್ಪದೆ ಮಂತ್ರಿಯನ್ನು ತೆಗೆಯಬಾರದು ಅಂತ 1867ರಲ್ಲಿ ಕಾನೂನು ಮಾಡಿದ್ದರು. ಅದರಲ್ಲೇ ಒಂದು ತೂತು. ಮಂತ್ರಿಯನ್ನು ನೇಮಿಸಿದ ಅಧ್ಯಕ್ಷನ ಅವಧಿ, ಆಮೇಲೆ ಒಂದು ತಿಂಗಳು, ಅಷ್ಟಕ್ಕೆ ಮಾತ್ರ ರಕ್ಷಣೆ. ಸ್ಟಾಂಟನ್‌ನನ್ನು ನೇಮಿಸಿದ್ದು ಲಿಂಕನ್. ಅಂದಮೇಲೆ ಈ ಕಾನೂನು ಅವನಿಗೆ ತಗಲುತ್ತದಾ? ಪ್ರತಿವಾದಿ ವಕೀಲರು ಹಿಡಿದದ್ದು ಅಲ್ಲೇ. ನಾನಾಗಿದ್ದರೂ ಅಲ್ಲೇ ಹಿಡಿಯುತ್ತಿದ್ದೆ. ಸ್ಟಾಂಟನ್ ಮಾತ್ರ ಕಚೇರಿ ಬಾಗಿಲು ಭದ್ರ ಮಾಡಿಕೊಂಡು ವಾರಗಟ್ಟಲೆ ಒಳಗೇ ಇದ್ದ. ಖಾಲಿ ಮಾಡಲು ಒಪ್ಪದ ಬಾಡಿಗೆದಾರ ಥರ.

ಮೈಸೂರು_ಮೇಷ್ಟ್ರು:
ನಾನು ನಾಕ್ಸ್‌ವಿಲ್ ಅಮ್ಮನ ಕಡೆ. ಜಾನ್ಸನ್ ಒಳ್ಳೆಯವನು ಅಂತಲ್ಲ. ವೀಟೋ ಅಧಿಕಾರ ಸಂವಿಧಾನವೇ ಕೊಟ್ಟದ್ದು. ನಾಗರಿಕ ಹಕ್ಕಿನ ಮಸೂದೆಗೆ ಹಾಕಿದ ವೀಟೋವನ್ನು ಕಾಂಗ್ರೆಸ್ ಮುರಿಯಿತು. ಕೆಟ್ಟ ನೀತಿಗೆ ಮದ್ದು ಚುನಾವಣೆ, ಅಲ್ವಾ? ಅದೂ 1868ರ ನವೆಂಬರ್‌ನಲ್ಲೇ ಇತ್ತು. ಡೆಮಾಕ್ರಟಿಕ್ ಪಕ್ಷ ಕೂಡ ಅವನಿಗೆ ಟಿಕೆಟ್ ಕೊಡಲಿಲ್ಲ.

ಇಳಿಸಿದ್ದರೆ ಯಾರು ಬರುತ್ತಿದ್ದರು ಅನ್ನುವುದನ್ನೂ ನೋಡಿ. ಉಪಾಧ್ಯಕ್ಷ ಇರಲೇ ಇಲ್ಲ. ಸೆನೆಟ್‌ನ ಹಂಗಾಮಿ ಅಧ್ಯಕ್ಷ ಬೆಂಜಮಿನ್ ವೇಡ್‌ಗೆ ಕುರ್ಚಿ. ಅವನೇ ಸೆನೆಟ್‌ನಲ್ಲಿ ಕೂತು ‘ತಪ್ಪಿತಸ್ಥ’ ಅಂತ ಮತ ಹಾಕಿದ. ಇದು ಯಾವ ನ್ಯಾಯ?

ನಾಕ್ಸ್‌ವಿಲ್_ಕನ್ನಡತಿ:
ವೇಡ್ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್ ಸರ್. ಒಂದೇ ಮತದಲ್ಲಿ ಉಳಿದ ಅಂತ ಅಲ್ಲಿ ಓದಿದೆ. ಮೇ 16ರಂದು 35-19, ಇಳಿಸಲು ಮೂರರಲ್ಲಿ ಎರಡು ಪಾಲು, ಅಂದರೆ 36 ಬೇಕಿತ್ತು. ಕ್ಯಾನ್ಸಸ್‌ನ ಎಡ್ಮಂಡ್ ರಾಸ್ ಆ ಒಂದು ಮತದ ಹೀರೋ ಅಂತಾರೆ, ನಿಜವಾ?

ಧಾರವಾಡ_ವಕೀಲ:
ಹೀರೋ! ಮತ ಹಾಕಿದ ಮೇಲೆ ತನ್ನವರಿಗೆ ಹುದ್ದೆ ಕೊಡಿ ಅಂತ ಜಾನ್ಸನ್‌ಗೇ ಪತ್ರ ಬರೆದ ಮನುಷ್ಯ. ಅದೂ ಅಲ್ಲದೆ, ಕೇಸು ಹಾಕಿದ್ದು ರಿಪಬ್ಲಿಕನ್ ಪಕ್ಷ, ಅದರ ಮಾತು ಬಿಟ್ಟು ಜಾನ್ಸನ್ ಕಡೆ ಮತ ಹಾಕಿದ ರಿಪಬ್ಲಿಕನ್ನರು ಏಳು ಜನ. ಅವನೊಬ್ಬನಿಗೇ ಯಾಕೆ ಹಾರ?

ಮೇಷ್ಟ್ರೇ, ಚುನಾವಣೆವರೆಗೆ ಕಾಯಬೇಕಿತ್ತು ಅನ್ನುತ್ತೀರಿ. ಕಾದದ್ದಕ್ಕೆ ಏನಾಯಿತು ಗೊತ್ತಾ? ಗ್ರಾಂಟ್ ಗೆದ್ದಾಗಿತ್ತು, ಇವನು ಹೊರಡಲು ಎರಡು ತಿಂಗಳು ಚಿಲ್ಲರೆ ಬಾಕಿ. 1868ರ ಡಿಸೆಂಬರ್ 25ಕ್ಕೆ ದಂಗೆ ಎದ್ದವರೆಲ್ಲರ ದೇಶದ್ರೋಹವನ್ನು ಷರತ್ತಿಲ್ಲದೆ ಮಾಫಿ ಮಾಡಿಬಿಟ್ಟ. ಒಕ್ಕೂಟ ಬಿಟ್ಟ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್‌ನ ಕೇಸೂ ಅದರೊಂದಿಗೇ ಮುಗಿಯಿತು.