ಪದಚರ್ಚೆ: ‘ಮೊಂತೆಪುಲ್ಚಾನೊ ದ್ರಾಕ್ಷಿ’ಯೋ, ‘ಮೊಂತೆಪುಲ್ಚಾನೊದ ದ್ರಾಕ್ಷಿ’ಯೋ?

ಎಲ್ಲರಿಗೂ ನಮಸ್ಕಾರ.

ತೋಟಗಾರಿಕೆ ಮಾಸಿಕವೊಂದಕ್ಕೆ ಒಂದು ಬರಹವನ್ನು ಕನ್ನಡಿಸುತ್ತಿದ್ದೇನೆ. ಇಟಲಿಯಾಚೆ ಅಷ್ಟಾಗಿ ಹೆಸರು ಕೇಳದ ದ್ರಾಕ್ಷಿ ತಳಿಗಳು ಆಸ್ಟ್ರೇಲಿಯಾದಲ್ಲಿ ಬೇರು ಬಿಟ್ಟ ಸಂಗತಿ ಅದರದ್ದು. ಫಿಯಾನೊ, ವೆರ್ಮೆಂತೀನೊ, ನೇರೊ ದಾವೊಲ, ಮೊಂತೆಪುಲ್ಚಾನೊ ಹೀಗೆ. ಆ ದೇಶದ ಮೆಕ್‌ಲಾರೆನ್ ವೇಲ್ ಸೀಮೆಯ ಬೆಳೆಗಾರರೂ ಮರ್ರೆ ನದಿಯ ನೀರನ್ನೇ ನಂಬಿರುವ ರಿವರ್‌ಲ್ಯಾಂಡ್‌ನವರೂ ಇವುಗಳ ಕಡೆ ತಿರುಗಿದ್ದು ಬಿಸಿಲಿನ ದೆಸೆಯಿಂದ. ಸೆಖೆ ಏರಿದರೂ ಫಿಯಾನೊದಂಥ ಹಣ್ಣು ಹುಳಿ ಬಿಟ್ಟುಕೊಡುವುದಿಲ್ಲ. ಹುಳಿ ಹೋದರೆ ವೈನು ಸಪ್ಪೆ.

ಕರಡು ನೋಡಿದ ಸಂಪಾದಕರು, ನಾನು ‘ಮೊಂತೆಪುಲ್ಚಾನೊ ದ್ರಾಕ್ಷಿ’ ಎಂದು ಬರೆದಿದ್ದ ಕಡೆಯಲ್ಲೆಲ್ಲ ‘ಮೊಂತೆಪುಲ್ಚಾನೊದ ದ್ರಾಕ್ಷಿ’ ಎಂದು ತಿದ್ದಿ ಕಳಿಸಿದ್ದಾರೆ. ಅದು ಇಟಲಿಯ ಒಂದು ಊರಲ್ಲವೇ, ಊರಿನ ಹೆಸರಿಗೆ ವಿಭಕ್ತಿ ಹಚ್ಚದೆ ಬಿಟ್ಟರೆ ಇಂಗ್ಲಿಷಿನ ವಾಸನೆ ಬರುತ್ತದೆ ಎನ್ನುವುದು ಅವರ ವಾದ.

ಊರೇನೋ ಹೌದು, ತೋಸ್ಕಾನಾ ಪ್ರಾಂತ್ಯದಲ್ಲಿದೆ. ಆದರೆ ಆ ಊರಿನ ಹೆಸರಾಂತ ವೈನು ‘ವೀನೊ ನೋಬಿಲೆ’ ಮುಖ್ಯವಾಗಿ ಸಾಂಜೊವೇಸೆ ಹಣ್ಣಿನದು. ಮೊಂತೆಪುಲ್ಚಾನೊ ಎಂಬ ತಳಿ ಬೇರೆಯೇ. ಅದರ ನೆಲೆ ಆಚೆ ಆಡ್ರಿಯಾಟಿಕ್ ಕಡಲ ಕಡೆಯ ಅಬ್ರುತ್ಸೊ. ಹಾಗಾಗಿ ‘ಮೊಂತೆಪುಲ್ಚಾನೊದ ದ್ರಾಕ್ಷಿ’ ಎಂದು ಓದಿದವರು ಸಾಂಜೊವೇಸೆಯನ್ನು ಮನಸ್ಸಿಗೆ ತಂದುಕೊಂಡರೆ ತಪ್ಪು ಅವರದಲ್ಲ. ಒಂದೇ ಒಂದು ‘ದ’ ಹಣ್ಣನ್ನೇ ಬದಲಿಸಿಬಿಟ್ಟಿತು.

ನನ್ನ ಅನಿಸಿಕೆ ಹೀಗೆ: ವಿಭಕ್ತಿ ಬಿಡುವುದು ಇಂಗ್ಲಿಷಿನಿಂದ ಬಂದ ಚಾಳಿಯಲ್ಲ, ಕನ್ನಡವು ತಳಿಯ ಹೆಸರನ್ನು ಕಟ್ಟುವ ರೀತಿಯೇ ಅದು. ನಂಜನಗೂಡು ರಸಬಾಳೆ, ದೇವನಹಳ್ಳಿ ಚಕ್ಕೋತ, ಬ್ಯಾಡಗಿ ಮೆಣಸಿನಕಾಯಿ. ‘ಬ್ಯಾಡಗಿಯ ಮೆಣಸಿನಕಾಯಿ’ ಎಂದರೆ ಆ ಊರಿನ ಮಾರುಕಟ್ಟೆಯಿಂದ ತಂದ ಯಾವ ಮೆಣಸಿನಕಾಯಿಯೂ ಆದೀತು. ‘ಬ್ಯಾಡಗಿ ಮೆಣಸಿನಕಾಯಿ’ ಎಂದರೆ ಗದಗದ ಹೊಲದಲ್ಲಿ ಬೆಳೆದರೂ ಅದೇ ಸುಕ್ಕು, ಅದೇ ಕೆಂಪು. ಪ್ರತ್ಯಯ ಇದ್ದರೆ ಊರು, ಇಲ್ಲದಿದ್ದರೆ ತಳಿ.

ನಮ್ಮ ‘ಬೆಂಗಳೂರು ಬ್ಲೂ’ ಇದಕ್ಕೆ ಒಳ್ಳೆಯ ಸಾಕ್ಷಿ. ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಚಪ್ಪರಗಳಲ್ಲಿ ತೂಗುವ ಈ ಹಣ್ಣಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಬಂತು. ಬಳ್ಳಿಯ ವಂಶ ಮಾತ್ರ ಅಮೆರಿಕದ್ದು. ಹೋದ ವಾರ ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಪರೀಕ್ಷೆಗೆಂದೇ ಗಾಡಿಯವನನ್ನು ಕೇಳಿದೆ: “ಬೆಂಗಳೂರಿನ ದ್ರಾಕ್ಷಿ ಇದೆಯೇನಪ್ಪಾ?” “ಎಲ್ಲಾ ಇಲ್ಲೀದೇ ಸಾರ್, ಕಪ್ಪುದು ಕೊಡ್ಲಾ, ದಿಲ್‌ಖುಷ್ ಕೊಡ್ಲಾ?” ಅಂದ. ನನ್ನ ವಾದಕ್ಕೆ ಇದಕ್ಕಿಂತ ಪುರಾವೆ ಬೇಕೆ! (ಹೆಸರಿನಲ್ಲಿರುವ ಬ್ಲೂ ಬೀದಿಗೆ ಬಂದರೆ ಕಪ್ಪಾಗುವುದು ಬೇರೆ ವಿಚಾರ.)

ಊರು ಬಿಟ್ಟು ತಳಿಯಾದ ಹೆಸರಿಗೆ ಊರಿನಲ್ಲೇ ಬೆಲೆ ಇಲ್ಲದ ಉದಾಹರಣೆಯೂ ಇದೆ. ತಮಿಳರು ‘ಬೆಂಗಳೂರು ಕತ್ತರಿಕ್ಕಾಯ್’, ತೆಲುಗರು ‘ಬೆಂಗಳೂರು ವಂಕಾಯ’ ಎನ್ನುವ ತರಕಾರಿಯನ್ನು ನಾವು ಸೀಮೆಬದನೆ ಎನ್ನುತ್ತೇವೆ.

ಆದರೆ ನನ್ನ ಸೂತ್ರಕ್ಕೆ ಒಂದು ಮುಳ್ಳು ಚುಚ್ಚುತ್ತಿದೆ: ‘ಕೊಡಗಿನ ಕಿತ್ತಳೆ’. ಅದೂ ತಳಿಯೇ, ಅದಕ್ಕೂ ಭೌಗೋಳಿಕ ಸೂಚಕವಿದೆ. ಆದರೂ ‘ಕೊಡಗು ಕಿತ್ತಳೆ’ ಎಂದರೆ ಕಿವಿಗೆ ಒಗ್ಗುವುದಿಲ್ಲ. ಕೊಡಗು ಊರಲ್ಲ, ನಾಡು ಎಂಬ ಕಾರಣಕ್ಕೋ? ಅಥವಾ ಬರೀ ಉಚ್ಚಾರದ ಸಲೀಸೋ? ವ್ಯಾಕರಣ ಬಲ್ಲವರು ಹೇಳಬೇಕು.

ನೇರೊ ದಾವೊಲ ಇನ್ನೂ ಸೊಗಸು. ಸಿಸಿಲಿಯ ಆವೊಲ ಎಂಬ ಊರಿನ ಕರಿದು ಎಂದು ಅರ್ಥ. ಅವರ ‘ದ’ ಊರಿಗೆ ಮುಂಚೆ ಬರುತ್ತದೆ, ನಮ್ಮ ‘ದ’ ಊರಾದ ಮೇಲೆ: ಆವೊಲದ ಕರಿದು. ಅರ್ಥ ಒಂದೇ, ಅಕ್ಷರವೂ ಒಂದೇ. ನಂಟು ಹುಡುಕಬೇಡಿ, ಕಾಕತಾಳೀಯ ಅಷ್ಟೇ. ಇಲ್ಲಿ ‘ದ’ ಹೆಸರಿನೊಳಗೇ ಕೂತಿರುವುದರಿಂದ ನಾವು ಮತ್ತೊಂದು ಸೇರಿಸುವ ಗೋಜಿಲ್ಲ. ಅಂದ ಹಾಗೆ, ಇಟಲಿಯವರ ನಾಲಿಗೆ ಹಲ್ಲಿಗೆ ತಾಗುವ ‘ತ’ಕಾರದ್ದು. ಇಂಗ್ಲಿಷಿನ ದಾರಿ ಹಿಡಿದು ‘ಮೊಂಟೆ’, ‘ವೆರ್ಮೆಂಟಿನೊ’ ಎಂದು ಬರೆಯುವುದೇಕೆ? ‘ತ’ ನಮ್ಮಲ್ಲೇ ಇದೆಯಲ್ಲ.

ಈ ಪ್ರತ್ಯಯದ ಜಗಳ ನಮ್ಮದೊಂದೇ ಅಲ್ಲ. ಪ್ರೊಸೆಕ್ಕೊ ಎಂಬುದು ಇಟಲಿಯ ತ್ರಿಯೆಸ್ತೆ ನಗರದ ಬಳಿಯ ಒಂದು ಹಳ್ಳಿ. ಅದೇ ಹೆಸರು ಒಂದು ದ್ರಾಕ್ಷಿಗೂ ಅದರ ವೈನಿಗೂ ಇತ್ತು. 2009ರಲ್ಲಿ ಇಟಲಿ ಆ ದ್ರಾಕ್ಷಿಗೆ ‘ಗ್ಲೆರಾ’ ಎಂಬ ಹೆಸರನ್ನು ಗಟ್ಟಿ ಮಾಡಿ, ಪ್ರೊಸೆಕ್ಕೊ ಎನ್ನುವುದನ್ನು ನೆಲದ ಹೆಸರಾಗಿ ಕಾಯ್ದಿರಿಸಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಕಿಂಗ್ ವ್ಯಾಲಿಯಲ್ಲಿ, ಹಿಂದೆ ಹೊಗೆಸೊಪ್ಪು ಬೆಳೆಯುತ್ತಿದ್ದ ಇಟಲಿ ಮೂಲದ ಮನೆತನಗಳು ಇದನ್ನು ಒಪ್ಪಲಿಲ್ಲ, ಅವರಿಗೆ ಅದು ದ್ರಾಕ್ಷಿಯ ಹೆಸರೇ. ಕನ್ನಡದಲ್ಲಿ ಹೇಳುವುದಾದರೆ ಇಟಲಿಯವರದು ‘ಪ್ರೊಸೆಕ್ಕೊದ ವೈನು’, ಆಸ್ಟ್ರೇಲಿಯಾದವರದು ‘ಪ್ರೊಸೆಕ್ಕೊ ವೈನು’. ಸಂಪಾದಕರಿಗೆ ಇದನ್ನೇ ಬರೆದು ಕಳಿಸಿದೆ. ಉತ್ತರ ಬಂದಿಲ್ಲ.

ಇನ್ನೊಂದು ಚಿಕ್ಕ ತೊಡಕು. ಸಿಹಿಯಂಶ ಉಳಿಯದ ‘ಡ್ರೈ’ ವೈನಿಗೆ ಅವರು ‘ಒಣ ವೈನ್’ ಎಂದು ಹಾಕಿದ್ದಾರೆ. ಒಣದ್ರಾಕ್ಷಿ ಎಂಬ ಮಾತು ಮನೆಮನೆಯಲ್ಲಿರುವಾಗ ಓದುಗರ ಮನಸ್ಸು ಪಾಯಸಕ್ಕೆ ಹೋಗುತ್ತದೆ. ಅದೂ ಅಲ್ಲದೆ ಇಟಲಿಯ ಅಮರೋನೆ ವೈನನ್ನು ನಿಜಕ್ಕೂ ಕೊಯ್ದ ಹಣ್ಣನ್ನು ತಿಂಗಳುಗಟ್ಟಲೆ ಒಣಗಿಸಿ ಮಾಡುತ್ತಾರೆ, ಅದೂ ‘ಡ್ರೈ’! ‘ಒಣಗಿದ ದ್ರಾಕ್ಷಿಯ ಒಣ ವೈನ್’ ಎಂದು ಬರೆಯಲೇ? ‘ಒಗರು’ ಎನ್ನೋಣವೆಂದರೆ ಅದು ಸಿಪ್ಪೆ-ಬೀಜದಿಂದ ಬರುವ ಬೇರೆ ರುಚಿ. ಸದ್ಯಕ್ಕೆ ‘ಸಿಹಿಯಿಲ್ಲದ’ ಎಂದು ಇಟ್ಟುಕೊಂಡಿದ್ದೇನೆ, ತೃಪ್ತಿಯಿಲ್ಲ.

ಹಂಪಿಯ ಕಡೆಯ ಬೆಟ್ಟಗಳಲ್ಲೂ ಸೊಲ್ಲಾಪುರದ ಅಕ್ಲೂಜ್‌ನಲ್ಲೂ ಸಾಂಜೊವೇಸೆ ಆಗಲೇ ಬೆಳೆಯುತ್ತಿದೆ. ಚಿಕ್ಕಬಳ್ಳಾಪುರ, ವಿಜಯಪುರದ ಕಡೆ ದ್ರಾಕ್ಷಿ ಬೆಳೆಯುವವರು ಅಥವಾ ಅವರ ನಂಟರು ಇಲ್ಲಿದ್ದರೆ ದಯವಿಟ್ಟು ತಿಳಿಸಿ: ತೋಟದಲ್ಲಿ ಹೊರಗಿನ ತಳಿಯ ಹೆಸರಿಗೆ ‘ದ’, ‘ಇನ’ ಹಚ್ಚುತ್ತಾರೆಯೇ, ಇಲ್ಲವೇ? ಕರಡು ಸೋಮವಾರ ಅಚ್ಚಿಗೆ ಹೋಗಬೇಕು.