ರಶೀದಿಯಲ್ಲಿ ‘ದಾನ’ ಎನ್ನಬೇಕೇ, ‘ದೇಣಿಗೆ’ ಎನ್ನಬೇಕೇ?

ಬ್ರಹ್ಮಾವರದ ಅಧ್ಯಾಪಕ:
ನಮ್ಮೂರಿನ ಕನ್ನಡ ಮಾಧ್ಯಮ ಶಾಲೆಯ ಹೊಸ ಕೊಠಡಿಗಾಗಿ ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಹಣ ಕೂಡಿಸುತ್ತಿದ್ದೇವೆ. ರಶೀದಿ ಪುಸ್ತಕದಲ್ಲಿ ‘ದಾನ’ ಎಂದು ಅಚ್ಚಾಗಬಾರದು, ‘ದೇಣಿಗೆ’ ಎಂದೇ ಇರಬೇಕು ಎಂದು ನಾನು ಸಮಿತಿಯಲ್ಲಿ ವಾದಿಸಿದ್ದೇನೆ. ದೇಣಿಗೆ ಅಚ್ಚಗನ್ನಡದ ಮಾತು, ದಾನ ಸಂಸ್ಕೃತದ್ದು. ಅದಕ್ಕಿಂತ ಮುಖ್ಯವಾಗಿ, ದಾನವೆಂದೊಡನೆ ಕೊಡುವವನ ಕೈ ಮೇಲೆ, ಪಡೆಯುವವನ ಕೈ ಕೆಳಗೆ ಎಂಬ ಭಾವ ಬರುತ್ತದೆ. ಅಕ್ಷರ ಕಲಿಸಿದ ಶಾಲೆಗಿಂತ ಅದಕ್ಕೆ ಹಣ ಕೊಟ್ಟವನು ದೊಡ್ಡವನಾಗಲಾರ. ಬಲ್ಲವರು ಅಭಿಪ್ರಾಯ ತಿಳಿಸಬೇಕೆಂದು ವಿನಂತಿ.

ಉಡುಪಿಯ ಪದಾಸಕ್ತ:
ಮಾಸ್ಟ್ರೇ, ತಮ್ಮ ಎರಡನೆಯ ಕಾರಣವನ್ನು ಗೌರವಿಸುತ್ತೇನೆ, ಮೊದಲನೆಯದು ನಿಲ್ಲುವುದಿಲ್ಲ. ಬರವಣಿಗೆ, ಬೆಳವಣಿಗೆ, ಮೆರವಣಿಗೆಗಳ ಸಾಲಿನಲ್ಲಿ ಕೇಳಿಸುವುದರಿಂದ ದೇಣಿಗೆಯೂ ಕನ್ನಡದ್ದೇ ಎಂದು ತೋರುತ್ತದೆ. ಆದರೆ ಆ ಮೂರಕ್ಕೆ ಬರೆ, ಬೆಳೆ, ಮೆರೆ ಎಂಬ ಧಾತುಗಳಿರುವಂತೆ ದೇಣಿಗೆಗೆ ಕನ್ನಡದಲ್ಲಿ ಧಾತುವಿಲ್ಲ. ಅದು ಮರಾಠಿಯ ‘ದೇಣಗೀ’; ಅಲ್ಲಿ ‘ದೇಣೇ’ ಎಂದರೆ ಕೊಡುವುದು, ಮತ್ತು ಆ ಕ್ರಿಯಾಪದ ಪ್ರಾಕೃತದ ದಾರಿಯಾಗಿ ಸಂಸ್ಕೃತದ ‘ದಾ’ ಧಾತುವಿಗೇ ಹೋಗಿ ಸೇರುತ್ತದೆ. ಹಾಗಾಗಿ ತಾವು ಹೊರಗಿಡಬೇಕೆನ್ನುವ ಪದವೂ ಒಳಗೆ ಕರೆಯುತ್ತಿರುವ ಪದವೂ ಒಂದೇ ಮನೆತನದವು.

ಅಚ್ಚಗನ್ನಡವೇ ಬೇಕೆಂದರೆ ‘ಕೊಡುಗೆ’ ಇದೆ. ಶಾಸನಗಳಲ್ಲಿ ಅದರ ರೂಪ ‘ಕೊಡಗೆ’: ಕಾಳಗದಲ್ಲಿ ಮಡಿದವನ ಮನೆಯವರಿಗೆ ಬಿಟ್ಟ ಭೂಮಿ ನೆತ್ತರುಗೊಡಗೆ, ಕೆರೆಯ ಕೆಲಸಕ್ಕಾಗಿ ಬಿಟ್ಟದ್ದು ಕೆರೆಗೊಡಗೆ. ‘ಕಾಣಿಕೆ’ಯೂ ನಮ್ಮದೇ, ದೇವರನ್ನೋ ದೊಡ್ಡವರನ್ನೋ ಕಾಣಲು ಹೋದಾಗ ಮುಂದಿಡುವುದು ಕಾಣಿಕೆ. ಅಲ್ಲಿ ತಲೆಬಾಗಿ ನಿಲ್ಲುವವನು ಕೊಡುವವನೇ.

ಮಂಗಳೂರಿನ ನ್ಯಾಯವಾದಿ:
ಮೇಲು ಕೀಳು ಎಂಬುದು ದಾನ ಎಂಬ ಪದದ ಅರ್ಥದಲ್ಲಿಯೇ ಇದೆ ಎಂದರೆ ನಾನು ಒಪ್ಪಲಾರೆ. ಮೀಮಾಂಸಕರೂ ಧರ್ಮಶಾಸ್ತ್ರಕಾರರೂ ಅದನ್ನು ಒಡೆತನದ ಪರಿಭಾಷೆಯಲ್ಲಿ ವಿವರಿಸಿದ್ದಾರೆ: ತನ್ನ ಸ್ವತ್ವವನ್ನು ತೊರೆದು ಇನ್ನೊಬ್ಬರ ಸ್ವತ್ವವನ್ನು ಉಂಟುಮಾಡುವುದು ದಾನ. ನೀರು ಬಿಟ್ಟು ಧಾರೆ ಎರೆಯುವ ಕ್ರಮ ಆ ತೊರೆಯುವಿಕೆಯನ್ನು ನಾಲ್ಕು ಜನರ ಕಣ್ಣಿಗೆ ಕಾಣುವಂತೆ ಮಾಡುವುದಕ್ಕೆ. ಇಂದಿಗೂ ನೋಂದಣಿ ಕಚೇರಿಯಲ್ಲಿ ನಾವು ಬರೆಯುವುದು ‘ದಾನಪತ್ರ’ವೇ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೆಯ ಕಲಮಿನಂತೆ, ಕೊಡುವವನು ಬದುಕಿರುವಾಗಲೇ ಪಡೆಯುವವರು ಅದನ್ನು ಸ್ವೀಕರಿಸಿರಬೇಕು. ಇಲ್ಲವಾದರೆ ಅದು ಊರ್ಜಿತವಾಗುವುದಿಲ್ಲ. ಪಡೆಯುವವರ ಒಪ್ಪಿಗೆಯಿಲ್ಲದೆ ದಾನವೇ ಪೂರ್ಣವಾಗದೆಂದ ಮೇಲೆ ಅವರ ಕೈಯನ್ನು ಕೆಳಗಿನದೆಂದು ಹೇಗೆ ಹೇಳುವುದು? ತೈತ್ತಿರೀಯ ಉಪನಿಷತ್ತು ‘ಹ್ರಿಯಾ ದೇಯಮ್’ ಎನ್ನುತ್ತದೆ. ಸಂಕೋಚದಿಂದ ಕೊಡಬೇಕು ಎಂದು.

ಬ್ರಹ್ಮಾವರದ ಅಧ್ಯಾಪಕ:
ಉಪನಿಷತ್ತಿನ ಮಾತು ದೊಡ್ಡದು. ಆದರೆ ಅದೇ ಪರಂಪರೆ ‘ದೇಶೇ ಕಾಲೇ ಚ ಪಾತ್ರೇ ಚ’, ಅಂದರೆ ತಕ್ಕ ಸ್ಥಳದಲ್ಲಿ, ತಕ್ಕ ಕಾಲದಲ್ಲಿ, ತಕ್ಕವರಿಗೆ ಕೊಡಬೇಕು ಎಂದೂ ಹೇಳಿದೆ. ದಾನ ಪಡೆಯಲು ಪಾತ್ರರು ಯಾರು ಎಂಬುದನ್ನು ಹುಟ್ಟಿನಿಂದಲೇ ನಿರ್ಧರಿಸಿದ ಕಾಲ ಬಹಳ ದೀರ್ಘವಾಗಿತ್ತು. ಪದಗಳು ಶಾಸ್ತ್ರದಲ್ಲಿ ಮಾತ್ರ ಬದುಕುವುದಿಲ್ಲ, ಜನರ ಅನುಭವದಲ್ಲಿಯೂ ಬದುಕುತ್ತವೆ. ‘ದಾನದಲ್ಲಿ ಓದಿದವನು’ ಎಂದು ಯಾರಾದರೂ ಕರೆದರೆ ಇಂದಿಗೂ ಆ ಹುಡುಗನಿಗೆ ನೋವಾಗುತ್ತದೆ.

ಕಾರ್ಕಳದ ಓದುಗಿ:
ಆ ನೋವು ನಿಜ. ಅದಕ್ಕಾಗಿ ಪದವನ್ನೇ ಬಿಟ್ಟುಕೊಡಬೇಕಾಗಿಲ್ಲ ಎಂದು ನನ್ನ ಭಾವನೆ. ನಮ್ಮ ಜೈನ ಪರಂಪರೆಯಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಅಂಜಿದವನಿಗೆ ಅಭಯ ಕೊಡುವುದೂ, ಓದುವವನಿಗೆ ಗ್ರಂಥ ಕೊಡುವುದೂ ಒಂದೇ ಪದದಲ್ಲಿ ಅಡಗಿವೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದ ಅತ್ತಿಮಬ್ಬೆಯನ್ನು ನಾಡು ‘ದಾನಚಿಂತಾಮಣಿ’ ಎಂದು ಕರೆಯಿತು. ಶಾಲೆಯ ಕೊಠಡಿಗೆ ಅದಕ್ಕಿಂತ ಹತ್ತಿರದ ನಿದರ್ಶನ ನನಗೆ ತೋಚುವುದಿಲ್ಲ. ಶಂಕರರು ಗೀತಾಭಾಷ್ಯದಲ್ಲಿ ದಾನಕ್ಕೆ ‘ಯಥಾಶಕ್ತಿ ಸಂವಿಭಾಗ’ ಎಂದು ಅರ್ಥ ಹೇಳಿದರು, ಅಂದರೆ ಶಕ್ತಿಯಿದ್ದಷ್ಟು ಹಂಚಿಕೊಳ್ಳುವುದು. 1951ರಲ್ಲಿ ಪೋಚಂಪಲ್ಲಿಯಿಂದ ಭೂದಾನ ಆರಂಭಿಸಿದ ವಿನೋಬಾ ಭಾವೆಯವರು ಈ ಅರ್ಥವನ್ನೇ ಹಿಡಿದು ನಡೆದರು. ರಕ್ತದಾನ, ನೇತ್ರದಾನ ಎನ್ನುವಾಗ ಪಡೆಯುವವರ ಕುಲ ಗೋತ್ರವನ್ನು ಇಂದು ಯಾರು ಕೇಳುತ್ತಾರೆ?

ಬಂದರಿನ ವ್ಯಾಪಾರಿ:
ನಮ್ಮ ಮುಸ್ಲಿಮರಲ್ಲಿ ಕೊಡುವುದಕ್ಕೆ ಎರಡು ಪದಗಳಿವೆ, ಎರಡೂ ಅರಬಿಯವು. ಜಕಾತ್ ಎಂಬುದರ ಮೂಲದಲ್ಲಿ ಶುದ್ಧಿ, ವೃದ್ಧಿ ಎರಡೂ ಅರ್ಥಗಳಿವೆ. ನಿಗದಿತ ಮಿತಿಯನ್ನು ಮೀರಿ ಒಂದು ಚಾಂದ್ರಮಾನ ವರ್ಷ ಕೈಯಲ್ಲಿ ಉಳಿದ ಹಣಕ್ಕೆ ಶೇಕಡಾ 2.5ರಂತೆ ಕೊಡಲೇಬೇಕಾದದ್ದು. ಅದು ಬಡವರ ಹಕ್ಕು, ಆದ್ದರಿಂದ ಅಲ್ಲಿ ಉಪಕಾರ ಮಾಡಿದೆನೆಂಬ ಮಾತಿಗೆ ಎಡೆಯಿಲ್ಲ. ಇದೇ ಪದ ಆಡಳಿತದ ಭಾಷೆಯಲ್ಲಿ ಸುಂಕವಾಗಿ, ಮರಾಠಿಯಲ್ಲಿ ‘ಜಕಾತ’ ಎನಿಸಿ, ಕನ್ನಡದಲ್ಲಿ ‘ಜಕಾತಿ’ಯಾಯಿತು. ಸ್ವಇಚ್ಛೆಯಿಂದ ಕೊಡುವುದು ಸದಕಾ. ಅದರ ಧಾತುವಿಗೆ ಸತ್ಯ, ಪ್ರಾಮಾಣಿಕತೆ ಎಂಬ ಅರ್ಥ. ಉಡುಪಿಯವರಿಗೆ ಒಂದು ವಿಷಯ ಇಷ್ಟವಾಗಬಹುದು: ದೇವಸ್ಥಾನಗಳಿಗೆ ಸರಕಾರ ಕೊಡುವ ‘ತಸ್ತೀಕು’ ಅರಬಿಯ ‘ತಸ್ದೀಕ್’, ಅಂದರೆ ದೃಢೀಕರಣ. ಸದಕಾ ಮತ್ತು ತಸ್ತೀಕು ಒಂದೇ ಧಾತುವಿನಿಂದ ಬಂದವು.

ರಶೀದಿಯ ವಿಚಾರದಲ್ಲಿ ಒಂದು ಮಾತು. ಜಕಾತ್ ಹಣ ಗೊತ್ತುಪಡಿಸಿದ ಎಂಟು ವರ್ಗದವರಿಗೇ ಸಲ್ಲಬೇಕು. ಕಟ್ಟಡಕ್ಕೆ ಸಲ್ಲದೆಂಬುದು ಹೆಚ್ಚಿನ ವಿದ್ವಾಂಸರ ಮತ. ಸದಕಾ ಕೊಡಬಹುದು. ಆದುದರಿಂದ ಹಣ ಯಾವ ಬಾಬ್ತಿನದು ಎಂದು ಕೊಡುವವರೇ ಬರೆಯುವಂತೆ ಜಾಗ ಬಿಟ್ಟರೆ ನನ್ನಂಥವರಿಗೆ ಅನುಕೂಲ.

ಬ್ರಹ್ಮಾವರದ ಅಧ್ಯಾಪಕ:
ಆ ಸಾಲನ್ನು ಖಂಡಿತವಾಗಿ ಸೇರಿಸುತ್ತೇವೆ. ಕಾರ್ಕಳದ ಸೋದರಿಯವರ ಅತ್ತಿಮಬ್ಬೆಯ ಮಾತನ್ನು ಸಮಿತಿಯ ಮುಂದಿಡುವೆ. ಆದರೂ ದಾನ ಎಂಬ ಪದದ ಬಗ್ಗೆ ನನ್ನ ಹಿಂಜರಿಕೆ ಹಾಗೆಯೇ ಇದೆ. ಮರಾಠಿಯ ದೇಣಿಗೆಗಿಂತ ‘ಕೊಡುಗೆ’ ನನಗೆ ಹಿಡಿಸಿದೆ. ಕರಡು ರಶೀದಿಯಲ್ಲಿ ಅದನ್ನೇ ಬರೆಸಿ, ಭಾನುವಾರದ ಸಭೆಯಲ್ಲಿ ಒಪ್ಪಿಗೆ ಕೇಳುತ್ತೇನೆ.

ಮಂಗಳೂರಿನ ನ್ಯಾಯವಾದಿ:
ಕೊಡುಗೆಗೆ ನನ್ನ ತಕರಾರಿಲ್ಲ. ಯಾರಾದರೂ ಜಾಗವನ್ನೇ ಕೊಡಲು ಮುಂದೆ ಬಂದರೆ ಮಾತ್ರ ರಶೀದಿ ಸಾಲದು, ದಾನಪತ್ರವನ್ನು ನೋಂದಾಯಿಸಲೇಬೇಕು.