ಅಜ್ಜನ ಗಜ, ಮೊಮ್ಮಗನ ಫುಟ್‌ಬಾಲ್

ಮಗ ಶನಿವಾರ ಕನ್ನಡ ಕ್ಲಾಸಿಗೆ ಬರಲ್ಲ ಅಂತಾನೆ, ಕಾಲೇಜ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅಮೆರಿಕನ್ ಆಟ) ನೋಡಬೇಕಂತೆ, ಟಿವಿ ಆಫ್ ಮಾಡಿ ಕರ್ಕೊಂಡು ಹೋಗ್ಲಾ, ಅವನನ್ನು ಆಡೋಕೂ ಕಳಿಸಬೇಕಾ ಅಂತ ಕೇಳಿದ್ದೀರಿ. 2023ರಲ್ಲಿ ನಮ್ಮ ಮನೆಯಲ್ಲೂ ಇದೇ ಜಗಳ. ಆಗ ಮಗನಿಗೆ ಹತ್ತು ವರ್ಷ. ನಾವಿರುವುದು ಅಮೆರಿಕದ ಮಿಷಿಗನ್‌ನ ಕ್ಯಾಂಟನ್‌ನಲ್ಲಿ, ಮಿಷಿಗನ್ ವಿಶ್ವವಿದ್ಯಾಲಯ ಇರುವ ಆನ್ ಆರ್ಬರ್‌ಗೆ ಅರ್ಧ ಗಂಟೆ ದಾರಿ. ಶಾಲೆಯಲ್ಲಿ, ಬಸ್ಸಿನಲ್ಲಿ, ಎಲ್ಲಿ ನೋಡಿದರೂ ಮಿಷಿಗನ್ ತಂಡದ್ದೇ ಮಾತು. ಅವನೊಬ್ಬನನ್ನೇ ಅದರಿಂದ ದೂರ ಇಡೋಕೆ ಹೋಗಿ ನಾನು ಸೋತೆ. ಅದಕ್ಕೇ ಹೇಳ್ತೀನಿ, ಟಿವಿ ಆಫ್ ಮಾಡಬೇಡಿ, ಪಕ್ಕದಲ್ಲಿ ಕೂತ್ಕೊಳ್ಳಿ. ಊರಿಂದ ಅಜ್ಜ ಅಜ್ಜಿ ಬಂದಿದ್ದರೆ ಅವರನ್ನೂ ಕೂರಿಸಿ.

ಆ ವರ್ಷ ನಮ್ಮಪ್ಪ ದಾವಣಗೆರೆಯಿಂದ ಬಂದಿದ್ದರು. ನಲವತ್ತು ವರ್ಷ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡಿದವರು. ಮೊಮ್ಮಗನ ಜೊತೆ ಮಾತಾಡಬೇಕು ಅಂತ ಅವರಿಗೆ ಆಸೆ. ಅವನೋ 'ಹೂಂ', 'ಬೇಡ' ಬಿಟ್ಟರೆ ಬೇರೆ ಕನ್ನಡ ಬಾಯಿಗೆ ತರುತ್ತಿರಲಿಲ್ಲ. ಒಂದು ಶನಿವಾರ ಅಪ್ಪ ಸೋಫಾದ ತುದಿಯಲ್ಲಿ ಕೂತು, 'ಅದೇನೋ ಅದು, ಹತ್ತು ಹತ್ತು ಅಂತ ಎಣಿಸ್ತಾರೆ?' ಅಂತ ಕೇಳಿದರು. ನಾಲ್ಕು ಸಲ ಅವಕಾಶ, ಅಷ್ಟರಲ್ಲಿ ಹತ್ತು ಯಾರ್ಡ್ ಮುಂದೆ ಹೋಗಬೇಕು ಅಂತ ಇವನು ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆಯಲ್ಲಿ ಹೇಳಿದ. ಯಾರ್ಡ್ ಅಂದ ತಕ್ಷಣ ಅಪ್ಪನ ಮುಖ ಅರಳಿತು. 'ಗಜ ಅನ್ನೋ!' ಅಂತ ಎದ್ದು ನಿಂತರು. ಹೆಗಲ ಮೇಲಿದ್ದ ಟವಲ್ ತೆಗೆದು, ಒಂದು ತುದಿ ಮೂಗಿಗೆ ಹಿಡಿದು, ಇನ್ನೊಂದು ಕೈಯನ್ನು ಪಕ್ಕಕ್ಕೆ ಪೂರ್ತಿ ಚಾಚಿ, 'ನೋಡು, ಇಷ್ಟು ಒಂದು ಗಜ' ಅಂದರು. ಅವತ್ತಿನಿಂದ ಮನೆಯಲ್ಲಿ ಯಾರ್ಡ್ ಅನ್ನೋ ಮಾತೇ ಇಲ್ಲ. ಎಲ್ಲಾ ಗಜ.

ಅಕ್ಟೋಬರ್ 14ಕ್ಕೆ ಇಂಡಿಯಾನಾ ವಿರುದ್ಧದ ಪಂದ್ಯಕ್ಕೆ ಟಿಕೆಟ್ ತಗೊಂಡೆವು. ಅವತ್ತು ಮಹಾಲಯ ಅಮಾವಾಸ್ಯೆ. ಅಪ್ಪ ಬೆಳಿಗ್ಗೆ ಬೇಗ ಎದ್ದು ಹಿರಿಯರಿಗೆ ಎಡೆ ಇಟ್ಟು, ಊಟ ಮುಗಿಸಿ, ಸ್ವೆಟರ್ ಮೇಲೆ ಮಳೆ ಕೋಟು ಹಾಕಿಕೊಂಡು ಹೊರಟರು. ಮಿಷಿಗನ್ ಸ್ಟೇಡಿಯಂನ ಬಹುಪಾಲು ನೆಲದಿಂದ ಕೆಳಗಿದೆ. ಹೊರಗಿನಿಂದ ನೋಡಿದರೆ ಅಷ್ಟು ದೊಡ್ಡದು ಅಂತ ಅನ್ನಿಸೋದೇ ಇಲ್ಲ. ಬಾಗಿಲು ದಾಟಿ ಕೆಳಗೆ ನೋಡಿದಾಗ ಮಾತ್ರ 1,07,601 ಜನರ ಜಾಗ ಒಮ್ಮೆಗೇ ಕಾಣುತ್ತದೆ. ಅಪ್ಪ ನನ್ನ ಕೈ ಹಿಡಿದು ನಿಂತುಬಿಟ್ಟರು. 'ದುಗ್ಗಮ್ಮನ ಜಾತ್ರೆ ಇದ್ದಂಗೈತಲ್ಲೇ' ಅಂದರು. ಸುತ್ತ ಎಲ್ಲರ ಮೈಮೇಲೂ ಹಳದಿ, ನೀಲಿ. ಆ ಹಳದಿಯ ಹೆಸರೇ 'ಮೇಜ್', ಅಂದರೆ ಮೆಕ್ಕೆಜೋಳ ಅಂತ ಮಗ ಹೇಳಿದ. ದಾವಣಗೆರೆಯವರಿಗೆ ಮೆಕ್ಕೆಜೋಳ ಗೊತ್ತಿಲ್ಲದೆ ಇರುತ್ತಾ? ಆಮೇಲೆ ಆ ತಂಡ ಅಪ್ಪನದ್ದೂ ಆಯಿತು. ಮೊದಲು ಇಂಡಿಯಾನಾವೇ ಏಳು ಪಾಯಿಂಟ್ ಹೊಡೆದಿತ್ತು, ಕೊನೆಗೆ ನಾವು 52-7ರಿಂದ ಗೆದ್ದೆವು.

ನವೆಂಬರ್ ಕಷ್ಟದ ತಿಂಗಳು. ಎದುರಾಳಿ ಕೋಚ್‌ಗಳು ಆಟಗಾರರಿಗೆ ಮಾಡುವ ಸನ್ನೆಗಳನ್ನು ಕದ್ದು ಚಿತ್ರೀಕರಿಸಿದ ಆರೋಪ ತಂಡದ ಮೇಲೆ ಬಂದಿತ್ತು. ಪೆನ್ ಸ್ಟೇಟ್ ಪಂದ್ಯದ ಹಿಂದಿನ ದಿನ ಕೋಚ್ ಜಿಮ್ ಹಾರ್ಬಾರನ್ನು ಮೂರು ಪಂದ್ಯ ಹೊರಗಿಟ್ಟರು. 'ನಮ್ಮವರು ಮೋಸ ಮಾಡಿದ್ರಾ ಅಮ್ಮಾ?' ಅಂತ ಮಗ ಕೇಳಿದ. ಇಲ್ಲ ಅಂತ ನಾವು ಮುಚ್ಚಿಹಾಕಲಿಲ್ಲ. ತಪ್ಪು ಮಾಡಿದ್ದರೆ ದಂಡ ಕಟ್ಟಲೇಬೇಕು, ಆಡುವ ಹುಡುಗರ ಶ್ರಮವೂ ಸುಳ್ಳಲ್ಲ ಅಂತ ಎರಡನ್ನೂ ಹೇಳಿದೆವು. 2025ರಲ್ಲಿ ಕಾಲೇಜ್ ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಭಾರಿ ದಂಡ ಹಾಕಿತು, ಗೆಲುವುಗಳನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಇಂಥ ಮಾತು ಮಕ್ಕಳ ಜೊತೆ ಆಡೋಕೆ ಸಿಗುವ ಅವಕಾಶ ಕಡಿಮೆ, ಬಿಡಬೇಡಿ.

ಕೋಚ್ ಇಲ್ಲದೆಯೂ ಪೆನ್ ಸ್ಟೇಟನ್ನು 24-15ರಿಂದ ಸೋಲಿಸಿದರು. ಸತತ 32 ಸಲ ಚೆಂಡು ಎಸೆಯದೆ ಬರೀ ಓಡಿದ ಪಂದ್ಯ ಅದು. ಮೇರಿಲ್ಯಾಂಡ್ ಮೇಲೆ ಗೆದ್ದು ಸಾವಿರ ಗೆಲುವು ಮುಟ್ಟಿದ ಮೊದಲ ಕಾಲೇಜ್ ತಂಡವಾದರು. ಆಮೇಲೆ 25ರಂದು ಒಹಾಯೊ ಸ್ಟೇಟ್. ಥ್ಯಾಂಕ್ಸ್‌ಗಿವಿಂಗ್ ರಜೆ, ಮನೆ ತುಂಬ ಜನ, ನಾನು ಮಂಡಕ್ಕಿ ಒಗ್ಗರಣೆ ಹಾಕುತ್ತಿದ್ದೆ. ಜ್ಯಾಕ್ ಜಿಂಟರ್ ಅನ್ನುವ ಆಟಗಾರನ ಕಾಲು ಮುರಿಯಿತು. ಇಡೀ ಸ್ಟೇಡಿಯಂ ಮೌನ. ಅವನನ್ನು ಹೊರಗೆ ಕರೆದೊಯ್ದ ಮೇಲೆ, ಮುಂದಿನ ಅವಕಾಶದಲ್ಲೇ ಬ್ಲೇಕ್ ಕೋರಮ್ 22 ಗಜ ಓಡಿ, ಚೆಂಡಿನೊಂದಿಗೆ ಎದುರಾಳಿಯ ಗೆರೆ ದಾಟಿ ಟಚ್‌ಡೌನ್ ಮಾಡಿ, ಬೆರಳಲ್ಲಿ ಆರು, ಐದು ತೋರಿಸಿದ. 'ಅದು ಜಿಂಟರ್ ಅಂಗಿ ಮೇಲಿನ ನಂಬರ್, ಅಜ್ಜಾ' ಅಂತ ಮಗ ಹೇಳುವಾಗ ಅವನ ಗಂಟಲು ಕಟ್ಟಿತ್ತು. ಪೂರ್ತಿ ವಾಕ್ಯ, ಕನ್ನಡದಲ್ಲೇ. ಪಂದ್ಯ ಗೆದ್ದದ್ದು 30-24ರಿಂದ.

ಇನ್ನು ಆಡೋಕೆ ಕಳಿಸಬೇಕಾ ಅನ್ನೋ ಪ್ರಶ್ನೆಗೆ: ನಾವು ಫ್ಲ್ಯಾಗ್ ಫುಟ್‌ಬಾಲ್‌ಗೆ ಸೇರಿಸಿದೆವು. ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಆಯಿತು, ಬೀಳಿಸೋದಿಲ್ಲ. ತಲೆಗೆ ಪೆಟ್ಟು ಬೀಳುವ ಆಟ ಈಗಲೇ ಬೇಡ ಅಂತ ಖಡಾಖಂಡಿತ ಹೇಳಿದ್ದೇವೆ. ಕನ್ನಡ ಕ್ಲಾಸನ್ನು ಭಾನುವಾರದ ಬ್ಯಾಚಿಗೆ ಹಾಕಿಸಿಕೊಂಡೆವು. ನಿಮ್ಮ ಕಡೆ ಬೇರೆ ದಿನ ಇದೆಯಾ ಅಂತ ಒಮ್ಮೆ ಕೇಳಿ ನೋಡಿ.

ಅಪ್ಪ ಡಿಸೆಂಬರ್‌ನಲ್ಲಿ ಊರಿಗೆ ಹೋದರು. ಹೊಸ ವರ್ಷದ ದಿನ ರೋಸ್ ಬೌಲ್ ಅನ್ನುವ ಸೆಮಿಫೈನಲ್‌ನಲ್ಲಿ ಅಲಬಾಮಾವನ್ನು 27-20ರಿಂದ ಗೆದ್ದಾಗ ಮಗ ಫೋನ್ ಮಾಡಿ ಕೂಗಾಡಿದ. ಫೈನಲ್ ಜನವರಿ 8ರ ಸೋಮವಾರ ರಾತ್ರಿ ಏಳೂವರೆಗೆ, ವಾಷಿಂಗ್ಟನ್ ವಿರುದ್ಧ. ದಾವಣಗೆರೆಯಲ್ಲಿ ಮರುದಿನ ಬೆಳಿಗ್ಗೆ ಆರು. ಅಪ್ಪ ಸ್ನಾನಕ್ಕೂ ಹೋಗದೆ ವಾಟ್ಸ್ಆ್ಯಪ್ ವಿಡಿಯೊದಲ್ಲಿ ಕೂತಿದ್ದರು. ಅಲ್ಲಿ ಪಂದ್ಯ ಬರುತ್ತಿರಲಿಲ್ಲ, ಇವನೇ ಹೇಳಬೇಕು. ಡೊನೊವನ್ ಎಡ್ವರ್ಡ್ಸ್ ಚೆಂಡು ಹಿಡಿದು ಎಲ್ಲರನ್ನೂ ದಾಟಿ ಓಡಿಬಿಟ್ಟ. ಇಪ್ಪತ್ತರ ಮೇಲೆ ಕನ್ನಡ ಎಣಿಕೆ ಬಾರದ ಹುಡುಗ ನನ್ನ ಕಡೆ ತಿರುಗಿ, 'ಅಮ್ಮಾ, ಫಾರ್ಟಿ ಒನ್ ಅಂದ್ರೆ?' ಅಂದ. ಹೇಳಿಕೊಟ್ಟೆ. 'ಅಜ್ಜಾ, ನಲವತ್ತೊಂದು ಗಜ!' ಸ್ವಲ್ಪ ಹೊತ್ತಿಗೆ ಅದೇ ಎಡ್ವರ್ಡ್ಸ್ ಮತ್ತೆ ಓಡಿದ. ಈ ಸಲ ಮಗ ನನ್ನನ್ನು ಕೇಳಲಿಲ್ಲ.

'ಅಜ್ಜಾ, ನಲವತ್ತಾರು!'

34-13ರಿಂದ ಗೆದ್ದೆವು. 15 ಪಂದ್ಯ, 15 ಗೆಲುವು. 1948ರ ನಂತರ ಯಾರ ಜೊತೆಗೂ ಹಂಚಿಕೊಳ್ಳದೆ ಸಿಕ್ಕ ಮೊದಲ ರಾಷ್ಟ್ರೀಯ ಪಟ್ಟ. ಹನ್ನೊಂದು ಗಂಟೆ ದಾಟಿದರೂ ಫೋನ್ ಇಡಲು ಇಬ್ಬರೂ ಒಪ್ಪಲಿಲ್ಲ. ಮರುದಿನ ಶಾಲೆ ಇತ್ತು, ಆದರೂ ನಾನು ಬೇಡ ಅನ್ನಲಿಲ್ಲ.